ಶಂಕರಲಿಂಗಪ್ಪನ ಫಟ್‌ಫಟಿಯೂ ಕಮಲಾಕ್ಷಮ್ಮನ ಬಾವಿ ಹಗ್ಗವೂ

ಶಂಕರಲಿಂಗಪ್ಪನಿಗೆ ಈ ಭೂಮಂಡಲದಲ್ಲಿ ಒಂದೇ ಒಂದು ಶತ್ರು ಇತ್ತು. ಅದು ಸಿರಾದಿಂದ ಮಧುಗಿರಿಗೆ ಹೊರಡುವ ಸಂಜೆ ಬಸ್ಸು.

ಮನುಷ್ಯ ಸಾಮಾನ್ಯನಲ್ಲ. ದನದ ದಲ್ಲಾಳಿ. ಹೋರಿಯ ಬಾಯಿ ಬಿಡಿಸಿ ಹಲ್ಲು ನೋಡಿ ವಯಸ್ಸು ಹೇಳುತ್ತಿದ್ದ, ಬೆನ್ನಿನ ಸುಳಿ ನೋಡಿ ಗುಣ ಹೇಳುತ್ತಿದ್ದ, ಬಾಲ ಹಿಡಿದು ನೋಡಿ ಅದರ ತಾಯಿ ಎಷ್ಟು ಹಾಲು ಕೊಡುತ್ತಿತ್ತು ಅಂತಲೂ ಹೇಳುತ್ತಿದ್ದ. (ತಾಯಿಯನ್ನು ಹುಡುಕಿಕೊಂಡು ಹೋಗಿ ವಿಚಾರಿಸಿದವರು ಯಾರೂ ಇರಲಿಲ್ಲವಾದ್ದರಿಂದ ಈ ವಿದ್ಯೆಗೆ ಇದುವರೆಗೂ ಕುಂದು ಬಂದಿರಲಿಲ್ಲ.) ಸಿರಾ, ಮಧುಗಿರಿ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನ ಸಂತೆಗಳಲ್ಲಿ ಅವನು ರುಮಾಲು ಸುತ್ತಿಕೊಂಡು ಬಂದು ನಿಂತನೆಂದರೆ ವ್ಯಾಪಾರ ಶುರುವಾಯಿತು ಅಂತಲೇ ಅರ್ಥ. ಅಂಥ ಘನವ್ಯಕ್ತಿ, ಸಿರಾ ಸಂತೆಯಲ್ಲಿ ಸಂಜೆ ಬಸ್ಸಿನ ಹಾರನ್ನು ಕೇಳಿಸಿದ ಕೂಡಲೇ ಅರ್ಧಕ್ಕೆ ಬಂದ ವ್ಯಾಪಾರ ಬಿಟ್ಟು, ಪಂಚೆ ಎತ್ತಿ ಹಿಡಿದು, ಸಂತೆಯ ಸಮಸ್ತ ದನಗಳ ಕಣ್ಣೆದುರಿಗೆ ಓಡಬೇಕಾಗಿತ್ತು.

ಯಾಕೆಂದರೆ ಮಧುಗಿರಿಯಲ್ಲಿ ಅವನ ಹೆಂಡತಿ ಕಮಲಾಕ್ಷಮ್ಮ ಇದ್ದಳು. ಅವಳ ಮನೆಯಲ್ಲಿ ಗಡಿಯಾರ ಇರಲಿಲ್ಲ, ಬಸ್ಸೇ ಗಡಿಯಾರ. ಸಂಜೆ ಬಸ್ಸು ಊರು ಹೊಕ್ಕ ಸದ್ದಿಗೆ ಒಲೆಯ ಮೇಲೆ ಎಸರಿಡುತ್ತಿದ್ದಳು. ಎಸರು ಕುದಿದು, ಹಿಟ್ಟು ಬಿದ್ದು, ಮುದ್ದೆ ತಟ್ಟೆಗೆ ಬರುವಷ್ಟರಲ್ಲಿ ಗಂಡ ತಟ್ಟೆಯ ಮುಂದೆ ಕೂತಿರಬೇಕು. ಇಲ್ಲದಿದ್ದರೆ ಮುದ್ದೆ ಎಮ್ಮೆಗೆ. ಇದು ಹದಿನೆಂಟು ವರ್ಷದಿಂದ ನಡೆದುಬಂದ ಕಾನೂನು. ಮಹಾರಾಜರ ಸರ್ಕಾರ ಹೋಗಿ ಮಂತ್ರಿಗಳ ಸರ್ಕಾರ ಬಂತು, ಕಮಲಾಕ್ಷಮ್ಮನ ಕಾನೂನು ಮಾತ್ರ ಬದಲಾಗಲಿಲ್ಲ.

ಶಂಕರಲಿಂಗಪ್ಪನ ಆಸೆ ದೊಡ್ಡದೇನಲ್ಲ. ಸಂತೆ ಮುಗಿದ ಮೇಲೆ ಸಿರಾದ ನಬೀ ಸಾಬರ ಸೈಕಲ್ ಶಾಪಿನ ಬೆಂಚಿನ ಮೇಲೆ ಕಾಲು ಮಡಿಸಿ ಕೂತು, ಒಂದು ಲೋಟ ಚಹಾ ಪೂರ್ತಿ ಕುಡಿದು, ಆವತ್ತು ತಾನು ಕುದುರಿಸಿದ ವ್ಯಾಪಾರವನ್ನು ಸ್ವಲ್ಪ ಬೆಳೆಸಿ ಹೇಳಬೇಕು. ಅಷ್ಟೇ. ಹದಿನೆಂಟು ವರ್ಷದಲ್ಲಿ ಆ ಭಾಗ್ಯ ಒಂದು ದಿನವೂ ಬರಲಿಲ್ಲ. ಅರ್ಧ ಚಹಾ ಲೋಟದಲ್ಲೇ ಉಳಿಯುತ್ತಿತ್ತು, ಇನ್ನರ್ಧ ಓಡುವಾಗ ಪಂಚೆಯ ಮೇಲೆ ಚೆಲ್ಲುತ್ತಿತ್ತು.

ಹೀಗಿರುವಾಗ ೧೯೫೯ನೇ ಇಸವಿಯಲ್ಲಿ, ಮದಲೂರಿನ ದೊಡ್ಡರಂಗಪ್ಪ ತನ್ನ ಫಟ್‌ಫಟಿ ಮಾರುತ್ತಾನಂತೆ ಅಂತ ಸುದ್ದಿ ಬಂತು. ಅದೊಂದು ಹಳೇ ಮಿಲಿಟರಿ ಮೋಟರ್ ಸೈಕಲ್ಲು. ಮಹಾಯುದ್ಧದ ಕಾಲದಲ್ಲಿ ಯಾವುದೋ ಗಡಿಯಲ್ಲಿ ದೊರೆಗಳನ್ನು ಹೊತ್ತು ತಿರುಗಿ, ಯುದ್ಧ ಮುಗಿದ ಮೇಲೆ ಹರಾಜಿಗೆ ಬಂದು, ಮೂರ್ನಾಲ್ಕು ಕೈ ದಾಟಿ ಮದಲೂರು ಸೇರಿತ್ತು. ಶಂಕರಲಿಂಗಪ್ಪನ ಬುದ್ಧಿಗೆ ಮಿಂಚು ಹೊಡೆಯಿತು. ಸ್ವಂತ ಫಟ್‌ಫಟಿ ಇದ್ದರೆ ಬಸ್ಸಿನ ಹಂಗೇ ಇಲ್ಲ! ನಬೀ ಸಾಬರ ಅಂಗಡಿಗೆ ರಿಪೇರಿಗೆ ಬಂದಿದ್ದ ಯಾರದೋ ಮೋಟರ್ ಸೈಕಲ್ಲಿನ ಮೇಲೆ, ಮೂರು ಸಂತೆ ದಿನ ಮಧ್ಯಾಹ್ನದ ಹೊತ್ತು ಗುಟ್ಟಾಗಿ ಸವಾರಿ ಕಲಿತ. ನಾಲ್ಕನೇ ವಾರ, ಬೆಳಿಗ್ಗೆ ರೊಟ್ಟಿ ತಿನ್ನುತ್ತಾ ಘೋಷಣೆ ಹೊರಡಿಸಿದ.

"ನಾನು ಫಟ್‌ಫಟಿ ತಗಂತೀನಿ."

ಕಮಲಾಕ್ಷಮ್ಮ ಹೆಂಚಿನ ಮೇಲಿನ ರೊಟ್ಟಿಯಿಂದ ಕಣ್ಣು ತೆಗೆಯಲಿಲ್ಲ. "ಯಾರ್ದು?"

"ಮದಲೂರು ದೊಡ್ಡರಂಗಪ್ಪಂದು."

"ಅದಾ? ಅದು ಯುದ್ಧ ಮಾಡಿ ರಿಟೈರಾಗಿರಾದು. ಹಲ್ಲು ನೋಡಿದ್ರಾ?"

"ಲೇ, ಫಟ್‌ಫಟಿಗೆ ಹಲ್ಲೆಲ್ಲಿರ್ತವೆ?"

"ಚೈನ್ ತಿರುಗೋ ಚಕ್ರದಾಗೆ ಇರಾಕಿಲ್ವಾ? ನಂಗೊತ್ತಿರೋದು ನಿಮಗೆ ಗೊತ್ತಿಲ್ಲ. ಸುಮ್ಕೆ ನಬೀ ಸಾಬ್ರನ್ನ ಜೊತೇಲಿ ಕರ್ಕಂಡೋಗಿ ತೋರ್ಸಿ."

ಈ ಮಾತು ಶಂಕರಲಿಂಗಪ್ಪನ ಮರ್ಮಕ್ಕೆ ತಾಗಿತು. ಅದೂ ಪಕ್ಕದ ಮನೆ ಬಸವಮ್ಮ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದು ಬಾಗಿಲಲ್ಲಿ ನಿಂತಿದ್ದಾಗ! "ನಾಲ್ಕು ತಾಲ್ಲೂಕಿಗೆ ಹಲ್ಲು ನೋಡಿ ಹೇಳೋನು ನಾನು. ನಂಗೆ ಇನ್ನೊಬ್ರು ನೋಡಿ ಹೇಳ್ಬೇಕಾ? ಒಬ್ನೇ ಓಯ್ತೀನಿ, ಒಬ್ನೇ ತತ್ತೀನಿ!" ಎಂದು ರೊಟ್ಟಿ ಹರಿದ. ರೊಟ್ಟಿ ಗಟ್ಟಿಯಿತ್ತು, ಸ್ವಲ್ಪ ಹೊತ್ತು ಹಿಡಿಯಿತು.

"ತನ್ನಿ. ಬ್ಯಾಡ ಅನ್ನಾಕಿಲ್ಲ," ಎಂದಳು ಕಮಲಾಕ್ಷಮ್ಮ. "ಬಸವಕ್ಕ, ನೀನೇ ಸಾಕ್ಷಿ. ಆ ಗಾಡಿ ಯಾರ ಕೈಯೂ ತಗುಲ್ದಂಗೆ, ತನ್ನ ಕಾಲ್ಮ್ಯಾಲೆ ಬಂದು ನಮ್ಮ ಜಗಲಿ ಮುಂದೆ ನಿಂತ್ರೆ ನಾನು ಸೋತೆ. ಆಮ್ಯಾಕೆ ಇವ್ರು ಯಾವ ಹೊತ್ತಿಗೆ ಬಂದ್ರೂ ಮುದ್ದೆ ಬಿಸಿಯಾಗಿರ್ತದೆ. ಯಾರಾದ್ರೂ ನೂಕ್ಕಂಡೋ, ಎತ್ತಿನ ಗಾಡಿ ಮ್ಯಾಲೆ ಹೇರ್ಕಂಡೋ ತಂದ್ರೆ, ಮಾರ್ನೇ ದಿನ ಅದನ್ನ ಮಾರಿ ನಂಗೆ ಹೊಲಿಗೆ ಮಿಷಿನ್ ತರ್ಬೇಕು."

"ಒಪ್ಪಿದೆ!"

ಕಮಲಾಕ್ಷಮ್ಮ ಎದ್ದು ಹೋಗಿ, ಮೂಲೆಯಲ್ಲಿ ಸುತ್ತಿಟ್ಟಿದ್ದ ಹೊಸ ಬಾವಿ ಹಗ್ಗ ತಂದು ಗಂಡನ ಮುಂದೆ ಇಟ್ಟಳು. "ಇದನ್ನ ತಗಂಡೋಗಿ. ದನ ತರಾಕೋಗೋರು ತಮ್ಮ ಹಗ್ಗ ತಾವು ತಗಂಡೋಗ್ಬೇಕು ಅಂತ ನೀವೇ ಹೇಳಾದು."

"ದನಕ್ಕೆ ಕಣೇ ಹಗ್ಗ! ಅದನ್ನ ಹಿಡ್ಕಂಡು ಎಳ್ಕಂಬರ್ಬೇಕು. ನಂದು ಓಡ್ಕಂಡ್ ಬತ್ತದೆ. ನಿನ್ನ ಹಗ್ಗ ನಿನ್ನ ಬಾವಿಗೇ ಇರ್ಲಿ." ಹೀಗೆಂದು ರುಮಾಲು ಸುತ್ತಿಕೊಂಡು ಹೊರಟುಬಿಟ್ಟ. ಬೆಳಿಗ್ಗೆ ಸಿರಾಕ್ಕೆ ಹೋಗುವ ಅದೇ ಬಸ್ಸಿನಲ್ಲಿ ಕೊನೆಯ ಬಾರಿಗೆ ಕೂರುತ್ತಿದ್ದೇನೆ ಎಂಬ ಖುಷಿಗೆ ಕಂಡಕ್ಟರನನ್ನೂ ನಗುತ್ತಾ ಮಾತನಾಡಿಸಿದ.

ಮದಲೂರು ಕೆರೆ ಏರಿಯ ಕೆಳಗೆ, ಹೊಂಗೆಮರದ ನೆರಳಲ್ಲಿ ಫಟ್‌ಫಟಿ ನಿಂತಿತ್ತು. ಶಂಕರಲಿಂಗಪ್ಪ ಅದರ ಸುತ್ತ ಮೂರು ಸಲ ನಡೆದ. ದೀಪದ ಕಣ್ಣು ನೋಡಿದ. ಹಿಂದೆ ಹೋಗಿ ಹೊಗೆ ಕೊಳವೆ ಮುಟ್ಟಿ ನೋಡಿದ. ಸೀಟಿನ ಮೇಲೆ ಅಂಗೈಯಿಂದ ಎರಡು ಸಲ ತಟ್ಟಿದ, ದನಕ್ಕೆ ತಟ್ಟಿದಂತೆ. ದನವಾಗಿದ್ದರೆ ಚರ್ಮ ನಡುಗಿಸುತ್ತಿತ್ತು, ಇದು ಒಂದು ತಿರುಪು ಉದುರಿಸಿತು. ಅದನ್ನು ಯಾರಿಗೂ ಕಾಣದಂತೆ ಕಾಲಲ್ಲಿ ಮುಚ್ಚಿ, "ಶಾಂತ ಸ್ವಭಾವದ್ದು," ಎಂದು ತೀರ್ಪು ಕೊಟ್ಟ.

ದೊಡ್ಡರಂಗಪ್ಪ ಒಳ್ಳೇ ಮನುಷ್ಯ, ಮಾತು ನಿಧಾನ. ಒಂದು ವಾಕ್ಯ ಶುರು ಮಾಡಿದರೆ ಮುಗಿಯುವ ಹೊತ್ತಿಗೆ ಕೇಳುವವನು ಎರಡು ಸಲ ಎಲೆಅಡಿಕೆ ಹಾಕಿಕೊಳ್ಳಬಹುದಾಗಿತ್ತು. ಅವನು ಗಾಡಿ ಹತ್ತಿ ಏರಿಯ ಮೇಲೆ ಅತ್ತ ಹೋಗಿ ಇತ್ತ ಬಂದು ಸರಿಯಾಗಿ ಮರದ ಬುಡದಲ್ಲಿ ನಿಲ್ಲಿಸಿ ತೋರಿಸಿದ. ಸೀಟಿನ ಕೆಳಗಿನಿಂದ ಒಂದು ಹಗ್ಗ ಬಂದು ಅವನ ಎಡ ಮುಂಗೈಗೆ ಸುತ್ತಿಕೊಂಡಿದ್ದನ್ನು ಶಂಕರಲಿಂಗಪ್ಪ ನೋಡಿದ. ದನ ಕಾಯ್ದು ಬೆಳೆದ ಕೈ, ಹಗ್ಗ ಹಿಡಿಯದೆ ಇರಲಾರದು ಪಾಪ, ಅಂದುಕೊಂಡ.

ಆಮೇಲೆ ವ್ಯಾಪಾರ. ಇಬ್ಬರೂ ಟವೆಲ್ಲಿನ ಕೆಳಗೆ ಕೈ ಇಟ್ಟು, ಒಬ್ಬರ ಬೆರಳು ಒಬ್ಬರು ಹಿಡಿದು, ಒತ್ತಿ, ಬಿಟ್ಟು, ಮತ್ತೆ ಹಿಡಿದು, ಬಾಯಿಬಿಡದೆ ಬೆಲೆ ಕುದುರಿಸಿದರು. ಆ ಬೆಲೆ ಎಷ್ಟು ಅಂತ ಆ ಟವೆಲ್ಲಿಗೆ ಬಿಟ್ಟರೆ ಮೂರನೆಯವರಿಗೆ ಗೊತ್ತಾಗಲಿಲ್ಲ. (ಕಮಲಾಕ್ಷಮ್ಮ ಎಷ್ಟೋ ವರ್ಷ ಪ್ರಯತ್ನಪಟ್ಟಳು.)

ಗಾಡಿ ಕೈ ಬದಲಾಗುವ ಗಳಿಗೆ ಬಂತು. ಶಂಕರಲಿಂಗಪ್ಪ ಬಗ್ಗಿ, ಸೀಟಿನ ಕೆಳಗಿನ ಹಗ್ಗದ ಗಂಟು ಬಿಚ್ಚತೊಡಗಿದ. ದೊಡ್ಡರಂಗಪ್ಪ ಗಾಬರಿಯಾದ.

"ಅಣ್ಣ, ಅದನ್ನ ಬಿಚ್ಬ್ಯಾಡ. ಹಗ್ಗಾನೂ ಗಾಡಿ ಜೊತೆಗೇ..."

"ರಂಗಪ್ಪಾ!" ಶಂಕರಲಿಂಗಪ್ಪ ಎದ್ದು ನಿಂತು, ಸಂತೆಯಲ್ಲಿ ನೂರು ಜನಕ್ಕೆ ಕೇಳಿಸುವ ಗಂಟಲು ತೆಗೆದ. "ಏನ್ ಮಾತು ಅಂತ ಆಡ್ತೀಯ? ಮಾರಿದ ಮ್ಯಾಲೆ ಹಗ್ಗ ಮಾರಿದೋನ ಮನೇಲೇ ಉಳೀಬೇಕು. ಹಗ್ಗ ಕೊಟ್ಟೋನು ಮನೆ ಲಕ್ಷ್ಮೀನೂ ಕೊಟ್ಟಂಗೆ. ಇಪ್ಪತ್ ವರ್ಸದಿಂದ ಈ ಶಾಸ್ತ್ರ ಹೇಳ್ಕಂಡ್ ಬಂದೋನು ನಾನು. ನಿನ್ನ ಮನೆ ಲಕ್ಷ್ಮೀನ ಹೊತ್ಕಂಡೋಗೋ ಪಾಪ ನಂಗೆ ಬ್ಯಾಡ."

"ಅಂಗಲ್ಲಣ್ಣ, ಇದು ದನದ ಹಗ್ಗ ಅಲ್ಲ. ಇದೇನಂದ್ರೆ, ಇದನ್ನ..."

"ಯಾವುದಾದ್ರೂ ಹಗ್ಗ ಹಗ್ಗಾನೇ! ಹಿಡಿ!" ಹಗ್ಗವನ್ನು ಸುತ್ತಿ ಅವನ ಕೈಗಿಟ್ಟು, ಕಣ್ಣಿಗೊತ್ತಿಸಿ, ಗಾಡಿ ಹತ್ತಿ ಒದ್ದ. ಏಳನೇ ಒದೆತಕ್ಕೆ ಫಟ್‌ಫಟಿ ಎದ್ದು ಕೂಗಿಕೊಂಡಿತು. ದೊಡ್ಡರಂಗಪ್ಪನ ವಾಕ್ಯದ ಉಳಿದ ಭಾಗ ಆ ಸದ್ದಿನಲ್ಲಿ ಮುಚ್ಚಿಹೋಯಿತು. ಅವನು ಹಗ್ಗ ಬೀಸುತ್ತಾ ಏರಿಯುದ್ದಕ್ಕೂ ಹಿಂದೆ ಓಡಿಬಂದ. ಏನು ಪ್ರೀತಿ ಮಾಡುತ್ತಾನಪ್ಪ ಗಾಡೀನ, ಎಂದುಕೊಂಡ ಶಂಕರಲಿಂಗಪ್ಪ ತಿರುಗಿ ನೋಡಿ ಒಂದೇ ಕೈಯಲ್ಲಿ ನಮಸ್ಕಾರ ಮಾಡಿದ.

ಸಿರಾದವರೆಗೂ ಸವಾರಿ ಮಹಾರಾಜನ ಮೆರವಣಿಗೆಯೇ. ಗಾಡಿಯ ವೇಗ ಜಾಸ್ತಿಯೇನಿಲ್ಲ. ಸ್ಕೂಲಿಗೆ ತಡವಾದ ಮೇಷ್ಟ್ರು ಸೈಕಲ್ ತುಳಿದಷ್ಟು. ಆಕ್ಸಿಲರೇಟರ್ ಎತ್ತ ತಿರುಗಿಸಿದರೂ ಅದು ತನ್ನ ವೇಗ ಬಿಡಲಿಲ್ಲ. ನಿಷ್ಠೆ ಇರುವ ಗಾಡಿ ಅಂದುಕೊಂಡ. ಸದ್ದಿಗೆ ಹೊಲದಲ್ಲಿದ್ದವರು ಸೊಂಟ ಎತ್ತಿ ನೋಡಿದರು. ಶಂಕರಲಿಂಗಪ್ಪ ಎಲ್ಲರಿಗೂ ತಲೆಯಾಡಿಸಿ ಮರ್ಯಾದೆ ಕೊಟ್ಟ.

ಬೆಳಿಗ್ಗೆಯೇ ಅವನಿಂದ ಸುದ್ದಿ ಕೇಳಿದ್ದ ನಬೀ ಸಾಬರು ಅಂಗಡಿಯ ಮುಂದೆ ಕಾದಿದ್ದರು. ಬೆಂಚು ಒರೆಸಿ, ಚಹಾ ತರಿಸಿ ಇಟ್ಟಿದ್ದರು. ಲೋಟದಿಂದ ಹಬೆ ಏಳುತ್ತಿದ್ದುದು ಶಂಕರಲಿಂಗಪ್ಪನಿಗೆ ದೂರದಿಂದಲೇ ಕಂಡಿತು. ಕಲಿತ ಪ್ರಕಾರ ಬ್ರೇಕು ಹಿಡಿದ. ಬ್ರೇಕು ಸಲೀಸಾಗಿ ಬಂತು, ಬಿಟ್ಟರೆ ಸಲೀಸಾಗಿ ಹಿಂದಕ್ಕೆ ಹೋಯಿತು. ಗಾಡಿಗೆ ಅದರ ಪರಿವೆಯೇ ಇರಲಿಲ್ಲ. ಇಂಜಿನ್ ಆರಿಸುವ ಕಡ್ಡಿ ಎಳೆದ. ಕಡ್ಡಿ ಕೈಗೇ ಬಂತು.

"ಆವೋ ಶಂಕರಣ್ಣ! ಚಹಾ ರೆಡಿ!" ಎಂದು ಸಾಬರು ಲೋಟ ಚಾಚಿದರು.

ಆಗ ಬಾಯಿಬಿಟ್ಟು ನಿಜ ಹೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಶಂಕರಲಿಂಗಪ್ಪನ ಬಾಯಿ ಅವನ ಮಾತು ಯಾವತ್ತು ಕೇಳಿದೆ? "ಇವತ್ತು ಟೈಮಿಲ್ಲ ಸಾಬ್ರೇ! ಬಾಳಾ ಕೆಲ್ಸ ಐತೆ!" ಎಂದು ಗತ್ತಿನಿಂದ ಮುಂದೆ ಹೋದ.

"ಅರೆ ಅರೆ! ಹಗ್ಗ ಎಲ್ಲಿ? ಹಗ್ಗ ಎಲ್ಲಿ ಹೋಯ್ತು?" ಎಂದು ಸಾಬರು ಹಿಂದಿನಿಂದ ಕೂಗಿದರು. ಎರಡು ವರ್ಷದ ಹಿಂದೆ ತಂತಿಗಳೆಲ್ಲ ತುಂಡಾದಾಗ ದೊಡ್ಡರಂಗಪ್ಪನಿಗೆ ಆ ಹಗ್ಗ ಕಟ್ಟಿಕೊಟ್ಟವರು ಅವರೇ. ಒಂದು ಸಲ ಎಳೆದರೆ ಸೀಟಿನ ಕೆಳಗಿನ ಕೊಂಡಿ ಜಗ್ಗಿ ಇಂಜಿನ್ನೂ ಆರಬೇಕು, ಹಿಂದಿನ ಚಕ್ರದ ಬ್ರೇಕೂ ಹಿಡಿಯಬೇಕು, ಹಾಗೆ.

ಶಂಕರಲಿಂಗಪ್ಪನ ಕಣ್ಣ ಮುಂದೆ ದೊಡ್ಡರಂಗಪ್ಪನ ಎಡ ಮುಂಗೈ ಬಂದು ನಿಂತಿತು. ಸ್ವಂತ ಕೈಯಾರೆ ಬಿಚ್ಚಿ, ಶಾಸ್ತ್ರ ಹೇಳಿ, ಕಣ್ಣಿಗೊತ್ತಿಸಿ ವಾಪಸ್ಸು ಕೊಟ್ಟು ಬಂದದ್ದು ಗಾಡಿಯ ಬ್ರೇಕು!

ಯಾವುದಾದರೂ ಹುಲ್ಲುಮೆದೆಗೆ ನುಗ್ಗಿಸಿ ಬೀಳಬಹುದಿತ್ತು. ಆದರೆ ಬಿದ್ದರೆ ಯಾರಾದರೂ ಎತ್ತಬೇಕು. ಎತ್ತಿದ ಮೇಲೆ ನೂಕಬೇಕು. ನೂಕಿದರೆ ಹೊಲಿಗೆ ಮಿಷಿನ್ನು, ಮತ್ತೆ ಅದೇ ಬಸ್ಸು, ಅದೇ ಎಸರು, ಸಾಯುವತನಕ ಅದೇ ಓಟ. ಶಂಕರಲಿಂಗಪ್ಪ ಹಲ್ಲು ಕಚ್ಚಿದ. "ನೀನು ನಿಲ್ಲಾಕಿಲ್ವಾ? ನಿಲ್ಬ್ಯಾಡ. ನಾನೂ ಇಳಿಯಾಕಿಲ್ಲ," ಎಂದು ಗಾಡಿಗೆ ಹೇಳಿದ. ದೊಡ್ಡರಂಗಪ್ಪ ಧಾರಾಳ ಮನಸ್ಸಿನಿಂದ ಪೆಟ್ರೋಲನ್ನೂ ಮುಚ್ಚಳದವರೆಗೆ ತುಂಬಿಸಿದ್ದ.

ದೊಡ್ಡೇರಿ ಹತ್ತಿರ ಕುರಿಮಂದೆ ಅಡ್ಡ ಬಂತು. "ಸರ್ಕಾರಿ ಕೆಲ್ಸ! ಪಕ್ಕಕ್ಕೆ!" ಎಂದು ಗುಡುಗಿದ. ಕುರಿಗಳಿಗೆ ಸರ್ಕಾರದ ಭಯ ಇತ್ತೋ ಏನೋ, ಎರಡು ಭಾಗವಾಗಿ ದಾರಿ ಬಿಟ್ಟವು. ಬಡವನಹಳ್ಳಿ ದಾಟುವಾಗ ಹಿಂದೆ ಪರಿಚಯದ ಹಾರನ್ನು ಕೇಳಿಸಿತು. ಸಂಜೆ ಬಸ್ಸು! ಪಕ್ಕಕ್ಕೆ ಬಂದಾಗ ಕಿಟಕಿಯಿಂದ ಇಪ್ಪತ್ತು ತಲೆ ಹೊರಗಿದ್ದವು. ಅದರಲ್ಲಿ ಒಂದು ನಬೀ ಸಾಬರದು. ಪ್ರಾಣಸ್ನೇಹಿತನಿಗೆ ಏನಾಗುತ್ತದೋ ಅಂತ ಅಂಗಡಿಯನ್ನು ಹಾಗೇ ಬಿಟ್ಟು ಬಸ್ಸು ಹತ್ತಿದ್ದರು.

"ಶಂಕರಣ್ಣಾ! ಎಲ್ಲಾದ್ರೂ ದಿಬ್ಬ ನೋಡಿ ಹತ್ಸು, ನಿಲ್ತದೆ!"

"ನಿಲ್ಸಾಕೆ ಬರಾಕಿಲ್ಲ ಅಂತ ನಿಮಗ್ಯಾರು ಹೇಳಿದ್ದು? ನಾನೇ ನಿಲ್ಸಿಲ್ಲ!"

ಬಸ್ಸಿನಲ್ಲಿ ನಗೆ ಎದ್ದಿತು. ಬಸ್ಸು ಧೂಳೆಬ್ಬಿಸಿ ಮುಂದೆ ಹೋಯಿತು. ಹದಿನೆಂಟು ವರ್ಷ ಅದರ ಹಿಂದೆ ಓಡಿದ್ದು ಸಾಲದೆಂಬಂತೆ ಇವತ್ತೂ ಅದರ ಧೂಳು ಕುಡಿಯುತ್ತಾ ಶಂಕರಲಿಂಗಪ್ಪ ಊರು ಸೇರಬೇಕಾಯಿತು.

ಮಧುಗಿರಿಯಲ್ಲಿ ಅವನ ಬೀದಿ ತುಂಬಿಹೋಗಿತ್ತು. ಸಾಬರು ಮೊದಲೇ ಬಂದು ಸಮಾಚಾರವನ್ನೆಲ್ಲ ಕಮಲಾಕ್ಷಮ್ಮನಿಗೆ ಹೇಳಿ ಮುಗಿಸಿದ್ದರು. ಅವಳು ಜಗಲಿಯ ಮೇಲೆ ನಿಂತಿದ್ದಳು, ಪಕ್ಕದಲ್ಲಿ ಸಾಕ್ಷಿ ಬಸವಮ್ಮ. ಶಂಕರಲಿಂಗಪ್ಪ ಎದೆ ಮುಂದೆ ಮಾಡಿಕೊಂಡು ಬಂದ.

"ನೋಡ್ದೇನೇ? ತನ್ನ ಕಾಲ್ಮ್ಯಾಲೆ ಬಂತು!"

"ಬಂತು. ನಿಲ್ಲಿಸ್ರೀ ಮತ್ತೆ!" ಎಂದಳು ಕಮಲಾಕ್ಷಮ್ಮ. ಅವಳ ಮಾತು ಮುಗಿಯುವಷ್ಟರಲ್ಲಿ ಗಾಡಿ ಬೀದಿಯ ತಿರುವಿನಲ್ಲಿತ್ತು.

ಆ ಬೀದಿ ತಿರುಗಿ, ವೆಂಕಟರಮಣಸ್ವಾಮಿ, ಮಲ್ಲೇಶ್ವರಸ್ವಾಮಿ ದೇವಸ್ಥಾನಗಳನ್ನು ಬಳಸಿ, ಮತ್ತೆ ಅವನ ಮನೆ ಮುಂದಕ್ಕೇ ಬರುತ್ತಿತ್ತು. ಹೀಗಾಗಿ ಗಂಡ ಹೆಂಡತಿಯ ಜಗಳ ಸುತ್ತಿಗೆ ಒಂದೊಂದೇ ಮಾತಿನಂತೆ ನಡೆಯಿತು.

ಎರಡನೇ ಸುತ್ತಿನಲ್ಲಿ ಅವನೆಂದ, "ನಂಗೆ ಇನ್ನೊಂದು ಸುತ್ತು ಹೊಡೀಬೇಕು ಅನ್ಸೈತೆ!"

"ಹೊಡೀರಿ, ಯಾರು ಬ್ಯಾಡ ಅಂದೋರು!"

ದೇವಸ್ಥಾನದ ಮುಂದೆ ಕೂತಿದ್ದ ಹಿರಿಯರು, "ಏನಪ್ಪಾ ಶಂಕರಲಿಂಗಪ್ಪ, ಹರಕೆಯಾ?" ಎಂದು ಕೇಳಿದರು. "ಊಂ! ಒಂಬತ್ತು ಸುತ್ತು!" ಎಂದುಬಿಟ್ಟ. ಅವರು ಭಕ್ತಿಯಿಂದ ಎದ್ದು ನಿಂತು ಎಣಿಸಲು ಶುರು ಮಾಡಿದರು.

ಮೂರನೇ ಸುತ್ತು. "ಎಸರು ಕುದೀತಾ ಐತೆ!"

"ಕುದೀಲಿ!"

ನಾಲ್ಕನೇ ಸುತ್ತು. "ಹಿಟ್ಟು ಹಾಕ್ದೆ!"

"ಹಾಕು! ನಂಗೇನು!"

ಐದನೇ ಸುತ್ತಿಗೆ ಮುದ್ದೆಯಾಗಿತ್ತು. ಜೊತೆಗೆ ಹುರುಳಿಕಾಳಿನ ಸಾರು. ಅದರ ಘಮ ಬೀದಿಗೆ ಬಂದಿತ್ತು. ಬೆಳಗಿನ ಗಟ್ಟಿ ರೊಟ್ಟಿಯ ನಂತರ ಏನೂ ಕಾಣದ ಹೊಟ್ಟೆ ಶಂಕರಲಿಂಗಪ್ಪನನ್ನು ಇನ್ನಿಲ್ಲದಂತೆ ಬೈಯತೊಡಗಿತು. ಆ ಸುತ್ತಿನಲ್ಲಿ ಅವನು ಮೂಗನ್ನು ಅಡುಗೆಮನೆ ಕಡೆಗೇ ತಿರುಗಿಸಿಕೊಂಡು ಹೋದ.

ಆರನೇ ಸುತ್ತು. ಕಮಲಾಕ್ಷಮ್ಮ ತಟ್ಟೆಯನ್ನೇ ಎತ್ತಿ ತೋರಿಸಿದಳು. "ಎಮ್ಮೆಗೆ ಹಾಕ್ಲಾ?"

"ಬ್ಯಾ... ಬ್ಯಾಡ!"

ಕೋಟೆಗೆ ಮೊದಲ ಬಿರುಕು ಬಿತ್ತು. ನಬೀ ಸಾಬರು ಕೈಮುಗಿದರು. "ಅಮ್ಮಾ, ಬಸ್ ಕರೋ, ಸಾಕು ಮಾಡಿ. ಇಂಜಿನ್ ಕಾದು ಕೆಂಪಾಗಿದೆ. ಶಂಕರಣ್ಣನೂ ಹಂಗೇ ಆಗಿದಾನೆ."

ಏಳನೇ ಸುತ್ತು. "ಹೊಲಿಗೆ ಮಿಷಿನ್ ಏನಾಯ್ತು?"

"ಪ್ರಾಣ ಹೋದ್ರೂ ಗಾಡಿ ಮಾರಾಕಿಲ್ಲ!"

ಎಂಟನೇ ಸುತ್ತು. "ಮಾರ್ಬ್ಯಾಡ್ರಿ! ಮಿಷಿನ್ನೂ ತನ್ನಿ!"

ಇದಕ್ಕೆ ಉತ್ತರ ಹುಡುಕಲು ಶಂಕರಲಿಂಗಪ್ಪನಿಗೆ ಎರಡು ದೇವಸ್ಥಾನ ಬಳಸುವಷ್ಟು ಸಮಯ ಸಿಕ್ಕಿತು. ಶಿವನನ್ನೂ ಕೇಳಿದ, ವಿಷ್ಣುವನ್ನೂ ಕೇಳಿದ. ಇಬ್ಬರೂ ಹೆಂಡತಿಯರಿದ್ದ ದೇವರುಗಳಾದ್ದರಿಂದ ಸುಮ್ಮನಿದ್ದರು.

ಒಂಬತ್ತನೇ ಸುತ್ತಿನಲ್ಲಿ, "ಆಗ್ಲಿ, ತತ್ತೀನಿ ಕಣೇ!" ಎಂದ. ಅತ್ತ ದೇವಸ್ಥಾನದ ಮುಂದೆ ಹಿರಿಯರು ಹರಕೆ ಪೂರೈಸಿತೆಂದು ತೆಂಗಿನಕಾಯಿ ಒಡೆದರು.

ಕಮಲಾಕ್ಷಮ್ಮ ಸೆರಗು ಸಿಕ್ಕಿಸಿ ಬೀದಿಗೆ ಇಳಿದಳು. ಕೈಯಲ್ಲಿ ಬೆಳಿಗ್ಗೆ ಗಂಡ ಬೇಡವೆಂದ ಅದೇ ಬಾವಿ ಹಗ್ಗ. ಅದರ ತುದಿಗೆ ಪಾತಾಳಗರಡಿ ಕಟ್ಟಿದ್ದಳು. ಬಾವಿಗೆ ಬಿದ್ದ ಬಿಂದಿಗೆ ತೆಗೆಯುವ, ಸುತ್ತಲೂ ಕೊಕ್ಕೆ ಇರುವ ಕಬ್ಬಿಣದ ಸಾಮಾನು ಅದು. ಬೀದಿಯಲ್ಲಿ ಯಾರ ಬಿಂದಿಗೆ ಬಿದ್ದರೂ ಕಮಲಾಕ್ಷಮ್ಮನೇ ತೆಗೆದುಕೊಡಬೇಕು, ಅಷ್ಟು ಗುರಿ ಅವಳ ಕೈಯದು. "ಸೀಟಿನ ಕೆಳಗೆ ಕೊಂಡಿ ಇದೆ ನೋಡಮ್ಮ, ಅದಕ್ಕೆ," ಎಂದು ಸಾಬರು ತೋರಿಸಿಕೊಟ್ಟರು.

ಗಾಡಿ ಹತ್ತನೇ ಸಲ ಬಂತು. ಪಾತಾಳಗರಡಿ ಹಾರಿತು. ಶಂಕರಲಿಂಗಪ್ಪನ ರುಮಾಲು ಅದರ ಜೊತೆ ವಾಪಸ್ಸು ಹೋಯಿತು.

"ನಂದು ತಲೆ ಕಣೇ! ಬಿಂದಿಗೆ ಅಲ್ಲ!"

"ಎರಡೂ ಒಂದೇ ಥರ ಕಾಣ್ತವೆ!" ಎಂದಳು ಕಮಲಾಕ್ಷಮ್ಮ.

ಹನ್ನೊಂದನೇ ಸಲಕ್ಕೆ ಕೊಕ್ಕೆ ಕೊಂಡಿಗೆ ಸಿಕ್ಕಿತು. ಕಮಲಾಕ್ಷಮ್ಮ ಬಾವಿಕಟ್ಟೆಯ ಮೇಲೆ ಕಾಲೂರಿದಂತೆ ಊರಿ ಜಗ್ಗಿದಳು. ಫಟ್‌ಫಟಿ ಎರಡು ಸಲ ಕೆಮ್ಮಿ, ಒಂದು ಸಲ ಸೀನಿ, ಸರಿಯಾಗಿ ಜಗಲಿಯ ಮುಂದೆ ಸುಮ್ಮನಾಯಿತು. ಬೀದಿಯೆಲ್ಲ ಹೋ ಎಂದಿತು.

ಬರಿತಲೆಯಲ್ಲಿ, ಧೂಳು ಮೆತ್ತಿದ ಮುಖದಲ್ಲಿ ಶಂಕರಲಿಂಗಪ್ಪ ಕೆಳಗಿಳಿದ. "ಯಾರೂ ನೂಕಿಲ್ಲ, ಯಾರೂ ಹೇರ್ಕಂಡ್ ಬಂದಿಲ್ಲ. ಬಂತು, ನಿಂತ್ಕಂತು. ಗೆದ್ದೋನು ನಾನೇ!"

"ನಿಂತದ್ದು ಯಾರ ಕೈಯಾಗಿನ ಹಗ್ಗದಿಂದ?" ಎಂದಳು ಕಮಲಾಕ್ಷಮ್ಮ.

ಎಲ್ಲರೂ ಬಸವಮ್ಮನ ಕಡೆ ನೋಡಿದರು. ಅವಳು ಬಹಳ ಯೋಚನೆ ಮಾಡಿ ತೀರ್ಪು ಕೊಟ್ಟಳು. "ಬಂದದ್ದು ಅವನ್ದು. ನಿಂತದ್ದು ಇವಳ್ದು. ಗಾಡಿ ಇರ್ಲಿ, ಮಿಷಿನ್ನೂ ಬರ್ಲಿ. ಈಗ ಮುದ್ದೆ ಆರೋಗ್ತೈತೆ, ಒಳೀಕೆ ನಡೀರಿ."

ಇಷ್ಟಕ್ಕೆ ಮುಗಿದಿದ್ದರೆ ಶಂಕರಲಿಂಗಪ್ಪ ಅದನ್ನು ಗೆಲುವೆಂದೇ ಸಂತೆಗಳಲ್ಲಿ ಹೇಳಿಕೊಂಡು ತಿರುಗುತ್ತಿದ್ದ. ಮುಂದಿನ ಸಿರಾ ಸಂತೆಯ ದಿನ ಎದ್ದು, ಹೊಸ ರುಮಾಲು ಸುತ್ತಿ, ಗಾಡಿಯ ಹತ್ತಿರ ಬಂದ. ಕೊಂಡಿಗೆ ಬಾವಿ ಹಗ್ಗ ಹಾಗೇ ಇತ್ತು, ಅರಿಶಿನ ಕುಂಕುಮ ಹಚ್ಚಿಸಿಕೊಂಡು. ಇನ್ನೊಂದು ತುದಿ ಕಮಲಾಕ್ಷಮ್ಮನ ಕೈಯಲ್ಲಿತ್ತು.

"ಕೊಡೇ ಇಲ್ಲಿ ಹಗ್ಗ. ಮುಂದಕ್ಕೆ ತಂದು ಮುಂಗೈಗೆ ಸುತ್ಕಂತೀನಿ."

"ಹಗ್ಗ ಕೊಡಾಕಾಯ್ತದಾ? ಹಗ್ಗ ಕೊಟ್ರೆ ಮನೆ ಲಕ್ಷ್ಮೀನೂ ಕೊಟ್ಟಂಗೆ. ಇಪ್ಪತ್ ವರ್ಸದಿಂದ ಹೇಳ್ಕಂಡ್ ಬಂದೋರು ನೀವೇ."

"ಬ್ಯಾರೆ ಹಗ್ಗ ಕಟ್ಕಂತೀನಿ!"

"ಮನೆಗೆ ಬಂದ ದನಕ್ಕೆ ಮನೆಯಾಕೆ ಕಟ್ಟಿದ ಮೊದಲ್ನೇ ಹಗ್ಗಾನ ಸವೆದು ಹರಿಯಾಗಂಟ ಬಿಚ್ಚಬಾರ್ದು. ಇದನ್ನೂ ನೀವೇ ಹೇಳಾದು." ಕಮಲಾಕ್ಷಮ್ಮ ಹೊಸ ಸೀರೆ ಉಟ್ಟಿದ್ದಳು, ತಲೆಗೆ ಹೂವೂ ಮುಡಿದಿದ್ದಳು. ಬಂದು ಹಿಂದಿನ ಸೀಟಿನ ಮೇಲೆ ಒಂದೇ ಕಡೆ ಕಾಲು ಹಾಕಿ ಕೂತು, ಹಗ್ಗವನ್ನು ಎರಡು ಸುತ್ತು ಕೈಗೆ ಸುತ್ತಿಕೊಂಡಳು. "ನಡೀರಿ. ಮಿಷಿನ್ನೂ ನೋಡ್ಕಂಡ್ ಬರಾನ."

ಶಂಕರಲಿಂಗಪ್ಪ ದಾರಿಯುದ್ದಕ್ಕೂ ಸೋಲೊಪ್ಪಲಿಲ್ಲ. "ಹಗ್ಗ ಯಾರ ಕೈಯಾಗಿದ್ರೇನು, ಹ್ಯಾಂಡ್ಲು ನನ್ನ ಕೈಯಾಗೈತೆ!" ಎಂದು ಗಾಳಿಗೆ ಹೇಳುತ್ತಲೇ ಇದ್ದ. ನಿಲ್ಲಿಸು ಅಂದ ಕಡೆ ಗಾಡಿ ನಿಲ್ಲಲಿಲ್ಲ, ಬೇಡ ಅಂದ ಕಡೆ ನಿಂತಿತು. ಬಡವನಹಳ್ಳಿಯಲ್ಲಿ ಕಡಲೆಕಾಯಿಗೆ ಒಂದು ಸಲ, ದೊಡ್ಡೇರಿಯಲ್ಲಿ ನಾದಿನಿಯನ್ನು ಮಾತಾಡಿಸಲು ಒಂದು ಸಲ. ನಬೀ ಸಾಬರ ಅಂಗಡಿಯ ಮುಂದೆ ಮಾತ್ರ ಹಗ್ಗ ಸಡಿಲವಾಗಿಯೇ ಇತ್ತು. "ವಾಪಸ್ ಬರೋವಾಗ ನೋಡಾನ," ಎಂದಳು ಹಿಂದಿನಿಂದ. ಚಹಾ ಲೋಟ ಹಿಡಿದ ಸಾಬರು ಹಿಂದಕ್ಕೆ ಹೋಗಿ ಕಾಣದಾದರು.

ದನದ ಸಂತೆಯ ನಟ್ಟನಡುವೆ ಕಮಲಾಕ್ಷಮ್ಮ ಹಗ್ಗ ಜಗ್ಗಿದಳು. ಗಾಡಿ ನಿಂತಿತು. ನಾಲ್ಕು ತಾಲ್ಲೂಕಿನ ರೈತರು ಸುತ್ತ ನೆರೆದರು. ಪಾವಗಡದ ಕಡೆಯ, ತೆಲುಗು ಬೆರೆಸಿ ಮಾತಾಡುವ ಮುದುಕ ಕದಿರಯ್ಯ ಗುಂಪು ಸೀಳಿಕೊಂಡು ಮುಂದೆ ಬಂದ. ಮೂವತ್ತು ವರ್ಷದಿಂದ ಸಂತೆ ಮಾಡಿದ ಕಣ್ಣು. ಗಾಡಿ ನೋಡಿದ, ಹಗ್ಗ ನೋಡಿದ, ಹಗ್ಗ ಹಿಡಿದ ಕೈ ನೋಡಿದ. ಹೆಗಲ ಮೇಲಿನ ಟವೆಲ್ಲು ತೆಗೆದು ಕೈಗೆ ಹಾಕಿಕೊಂಡು, ನೇರವಾಗಿ ಕಮಲಾಕ್ಷಮ್ಮನ ಮುಂದೆ ನಿಂತ.

"ಏಮ್ಮಾ, ಅಮ್ಮೇದೇನಾ? ಮಾರಾದಾ ತಾಯೀ?"

"ಅಯ್ಯಾ, ಇಲ್ಲಿ ನೋಡು! ಯಜಮಾನ ನಾನು!" ಎಂದ ಶಂಕರಲಿಂಗಪ್ಪ.

"ನುವ್ವಾ? ನೀನಾ?" ಕದಿರಯ್ಯನಿಗೆ ಆಶ್ಚರ್ಯವಾಯಿತು. "ಹಗ್ಗ ಯಾರ ಕೈಯಾಗೈತೋ ಯಜಮಾನ ಅವ್ರೇ, ಬ್ಯಾರೇವ್ರ ಹತ್ರ ಮಾತಾಡ್ಬ್ಯಾಡ ಅಂತ ಈ ಸಂತ್ಯಾಗೇ ನೀನೇ ಹೇಳಿಕೊಟ್ಟಿದ್ದಲ್ಲಪ್ಪಾ."

ಕಮಲಾಕ್ಷಮ್ಮ ಸೆರಗು ಸರಿಮಾಡಿಕೊಂಡಳು. "ನೀನು ಕೇಳ್ತಿರಾದು ಯಾವುದ್ನಜ್ಜಾ? ಕೆಳಗಿರಾದನ್ನಾ, ಅದರ ಮ್ಯಾಲೆ ಕೂತಿರಾದನ್ನಾ?"

ಈ ಅನ್ಯಾಯವನ್ನು ಖಂಡಿಸಲೇಬೇಕೆಂದು ಶಂಕರಲಿಂಗಪ್ಪ ದೊಡ್ಡದಾಗಿ ಬಾಯಿ ತೆರೆದ. ಕದಿರಯ್ಯ ಒಂದು ಹೆಜ್ಜೆ ಮುಂದೆ ಬಂದು, ಬಗ್ಗಿ, ಆ ತೆರೆದ ಬಾಯೊಳಗೆ ಎಡಕ್ಕೂ ಬಲಕ್ಕೂ ಚೆನ್ನಾಗಿ ನೋಡಿದ. ಆಮೇಲೆ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ.

"ವದ್ದು ತಾಯೀ, ಬ್ಯಾಡ," ಎಂದ. "ಹಲ್ಲು ಹೋಗೈತೆ."